ಓದದೆ ಬಿಟ್ಟ ಎರಡು ಸಾಲು

ರಾಯಚೂರಿನ ಒಂದು ಕಣ್ಣಿನ ಆಸ್ಪತ್ರೆಯ ಲೇಸರ್ ಕೋಣೆಯಲ್ಲಿ ನನಗೆ ಕೆಲಸ. ಲೇಸರ್ ಹೊಡೆಯುವವರು ಡಾಕ್ಟರು. ಅದಕ್ಕೆ ಮೊದಲಿನದೂ ನಂತರದ್ದೂ ನನ್ನ ಪಾಲಿಗೆ. ಕಣ್ಣಿನ ಪಾಪೆ ಅಗಲವಾಗುವ ಹನಿ ಹಾಕುವುದು, ಒಳಗೆ ಏನು ನಡೆಯುತ್ತದೆಂದು ರೋಗಿಗೆ ಅವರ ಮಾತಿನಲ್ಲೇ ತಿಳಿಸುವುದು, ಒಪ್ಪಿಗೆ ಹಾಳೆಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುವುದು, ಲೇಸರ್ ನಡೆಯುವಾಗ ರೋಗಿಯ ಹಿಂದೆ ನಿಂತು ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು. ಹೀಗೆ ಎಷ್ಟೋ ತಲೆಗಳನ್ನು ಹಿಡಿದಿದ್ದೇನೆ. ಹೆದರಿದವರ ತಲೆ ಅಂಗೈಗೆ ಬಿಸಿಯಾಗಿ ತಾಗುತ್ತದೆ.

ನಮ್ಮಲ್ಲಿ ಈ ಚಿಕಿತ್ಸೆಗೆ ಬರುವವರು ಹೆಚ್ಚಾಗಿ ಶುಗರ್ ಇರುವವರು. ವರ್ಷಗಟ್ಟಲೆ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಕಣ್ಣಿನ ಹಿಂದಿನ ಪರದೆಗೆ ರಕ್ತ ಸರಿಯಾಗಿ ಮುಟ್ಟುವುದಿಲ್ಲ. ಆಗ ಅಲ್ಲಿ ಹೊಸದಾಗಿ ಸಣ್ಣ ಸಣ್ಣ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಅವಕ್ಕೆ ಗಟ್ಟಿತನವಿಲ್ಲ, ಒಂದು ದಿನ ಒಡೆದು ಕಣ್ಣೊಳಗೆಲ್ಲ ರಕ್ತ ತುಂಬುತ್ತದೆ. ಪರದೆಯ ಅಂಚಿನ ಭಾಗವನ್ನು ಲೇಸರಿನಿಂದ ಚುಕ್ಕಿ ಚುಕ್ಕಿಯಾಗಿ ಸುಟ್ಟರೆ ಆ ನಾಳಗಳು ಬಾಡುತ್ತವೆ, ನಡುವಿನ ನೋಟ ಉಳಿಯುತ್ತದೆ. ಅಂಚನ್ನು ಬಿಟ್ಟುಕೊಟ್ಟು ನಡುವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದು. ಈಗಾಗಲೇ ಹೋದ ನೋಟವನ್ನು ತಂದುಕೊಡುವುದಿಲ್ಲ.

ಒಪ್ಪಿಗೆ ಹಾಳೆಯಲ್ಲಿ ಇದೆಲ್ಲ ಬರೆದಿದೆ. ಅದರ ಕೊನೆಯ ಕಡೆ ಎರಡು ಸಾಲುಗಳಿವೆ. ಪಕ್ಕದ ನೋಟ ಕಡಿಮೆಯಾಗಬಹುದು ಎಂಬುದು ಒಂದು. ಮಬ್ಬು ಬೆಳಕಿನಲ್ಲಿ ಕಾಣುವುದು ಕಡಿಮೆಯಾಗಬಹುದು ಎಂಬುದು ಇನ್ನೊಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಹೇಳುತ್ತಿದ್ದೆ. ನಮ್ಮ ಮಾನ್ವಿಯ ಟೇಲರ್ ಒಬ್ಬರು ಆ ಎರಡು ಸಾಲು ಕೇಳಿದವರೇ ಚಪ್ಪಲಿ ಮೆಟ್ಟಿಕೊಂಡು ಎದ್ದರು. "ಇದ್ದ ಕಣ್ಣ ಸುಡಿಸ್ಕೊಳ್ಳಾಕ ಬಂದಿಲ್ಲವ್ವ ನಾನು" ಎಂದು ಹೊರಟುಹೋದರು. ಒಂದು ವರ್ಷದೊಳಗೆ ಅವರ ಎರಡೂ ಕಣ್ಣಿನಲ್ಲಿ ರಕ್ತ ತುಂಬಿತು. ನಾನು ಮಾನ್ವಿಯಿಂದ ದಿನಾ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬರುವವಳು. ಬಸ್ ನಿಲ್ದಾಣದ ದಾರಿಯಲ್ಲಿ ಅವರ ಅಂಗಡಿ. ಮಗ ಮಷಿನ್ ತುಳಿಯುತ್ತಿರುತ್ತಾನೆ, ಅವರು ಹೊರಗೆ ಸ್ಟೂಲಿನ ಮೇಲೆ ಕೂತು ಹೋಗಿಬರುವವರ ಹೆಜ್ಜೆ ಸಪ್ಪಳಕ್ಕೆ ಮುಖ ತಿರುಗಿಸುತ್ತಿರುತ್ತಾರೆ. ಅವರನ್ನು ನೋಡಿ ನೋಡಿ ನಾನು ಆ ಎರಡು ಸಾಲು ಓದುವುದನ್ನು ಬಿಟ್ಟೆ. ಯಾರೂ ಬಿಡು ಎಂದು ಹೇಳಿರಲಿಲ್ಲ. ನನ್ನಷ್ಟಕ್ಕೆ ನಾನೇ ಬಿಟ್ಟೆ. ಆಮೇಲೆ ಓಡಿಹೋಗುವವರೂ ಕಡಿಮೆಯಾದರು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಬೇಸಿಗೆ ಶುರುವಾಗುವ ಹೊತ್ತಿಗೆ ದೇವದುರ್ಗದಿಂದ ಒಬ್ಬ ಡ್ರೈವರ್ ಬಂದರು. ಐವತ್ತಕ್ಕೆ ಒಂದೆರಡು ಕಡಿಮೆ ವಯಸ್ಸು. ದೇವದುರ್ಗದಿಂದ ರಾಯಚೂರಿಗೆ ಸ್ವಂತ ಕ್ರೂಸರ್ ಗಾಡಿಯಲ್ಲಿ ಮಂದಿಯನ್ನು ಕರೆದುಕೊಂಡು ಬರುವುದು, ಸಂಜೆ ವಾಪಸ್ ಒಯ್ಯುವುದು ಅವರ ಕೆಲಸ. ಜೊತೆಗೆ ಹೆಂಡತಿ ಇದ್ದರು. ಇಬ್ಬರೂ ತಮ್ಮತಮ್ಮೊಳಗೆ ದಖ್ಖನಿ ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನನ್ನ ಹತ್ತಿರ ಕನ್ನಡ. ಡಾಕ್ಟರು ಪರೀಕ್ಷೆ ಮಾಡಿ ಎರಡೂ ಕಣ್ಣಿಗೆ ಲೇಸರ್ ಆಗಬೇಕು, ಒಂದೊಂದು ಕಣ್ಣಿಗೆ ಮೂರು ಸಲ, ತಡಮಾಡಬಾರದು ಎಂದು ಬರೆದಿದ್ದರು.

"ಸಿಸ್ಟರ್, ನನ್ನ ಕೆಲಸ ಎಲ್ಲಾ ಕಣ್ಣಿಂದ ಅದರಿ," ಎಂದರು ಡ್ರೈವರ್. "ನಂಬಿ ಕುಂತ ಮಂದಿನ್ನ ಒಯ್ಯಾಂವ ನಾನು. ಏನೇನ್ ಆಗ್ತದ ಎಲ್ಲಾ ಹೇಳ್ರಿ."

ನಾನು ಹೇಳಿದೆ. ಹನಿ ಹಾಕಿದ ಮೇಲೆ ನಾಲ್ಕೈದು ತಾಸು ಕಣ್ಣು ಮಂಜಾಗಿರುತ್ತದೆ. ನೋವು ತಿಳಿಯದ ಹಾಗೆ ಇನ್ನೊಂದು ಹನಿ. ಗದ್ದವನ್ನು ಪಟ್ಟಿಯ ಮೇಲೆ ಇಟ್ಟು ಹಣೆ ಒತ್ತಿ ಕೂರಬೇಕು. ಗಂಜಿಯ ಹಾಗಿನ ಅಂಟು ಔಷಧಿ ಹಚ್ಚಿದ ಒಂದು ಗಾಜನ್ನು ಡಾಕ್ಟರು ಕಣ್ಣಿಗೆ ಆನಿಸಿ ಹಿಡಿಯುತ್ತಾರೆ, ರೆಪ್ಪೆ ಮುಚ್ಚಲು ಬರುವುದಿಲ್ಲ. ಹಸಿರು ಬೆಳಕು ಮಿಂಚಿನ ಹಾಗೆ ಹೊಡೆಯುತ್ತ ಹೋಗುತ್ತದೆ, ನೂರಾರು ಸಲ. ಕೆಲವು ಕಡೆ ಸೂಜಿ ಚುಚ್ಚಿದ ಹಾಗೆ ಒಳಗೆ ಚಳಕು ಬರುತ್ತದೆ, ಆಗ ತಲೆ ಹಿಂದಕ್ಕೆ ಎಳೆದುಕೊಳ್ಳಬಾರದು. ಮುಗಿದ ಕೂಡಲೇ ಎಲ್ಲ ಕತ್ತಲಾದ ಹಾಗೆ ಅನಿಸುತ್ತದೆ, ಹತ್ತು ನಿಮಿಷಕ್ಕೆ ಬೆಳಕು ಬರುತ್ತದೆ. ಆ ದಿನ ತಲೆನೋವು ಇರಬಹುದು.

"ಗಾಡಿ?" ಎಂದು ಹೆಂಡತಿ ಕೇಳಿದರು.

"ಅವತ್ತೊಂದಿನ ಓಡಿಸಬಾರದ್ರಿ. ಮರುದಿನದಿಂದ ಹೆಂಗ ಬೇಕೋ ಹಂಗ," ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಅವರು ಡ್ರೈವರ್ ಎಂದು ತಿಳಿದ ಮೇಲೆಯೇ ಬಂದದ್ದು. ಎರಡು ಸಾಲು ನನ್ನ ಕಣ್ಣ ಮುಂದೆಯೇ ಇತ್ತು. ಇವರಿಗೆ ಅದನ್ನು ಓದಿದರೆ ಇವರೂ ಎದ್ದು ಹೋಗುತ್ತಾರೆ ಅನಿಸಿತು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ. ಅವರು ಉರ್ದುವಿನಲ್ಲಿ ನಿಧಾನಕ್ಕೆ ಹೆಸರು ಬರೆದರು.

ಎಡಗಣ್ಣಿಗೆ ಮೂರು ಸಲ ಆಯಿತು. ಮೊದಲ ಸಲ ಅವರು ಚೆನ್ನಾಗಿ ತಡೆದುಕೊಂಡರು. ಎರಡನೆಯ ಸಲ ಡಾಕ್ಟರು ಪರದೆಯ ಪಕ್ಕದ ಭಾಗಕ್ಕೆ ಹೊಡೆಯುವಾಗ ನೋವು ಜಾಸ್ತಿಯಾಗಿ, ಅವರ ಕತ್ತಿನ ನರಗಳು ನನ್ನ ಬೆರಳಿನ ಕೆಳಗೆ ಹುರಿಗೊಂಡವು. "ಇನ್ನ ಸ್ವಲ್ಪ, ಇನ್ನ ಸ್ವಲ್ಪ" ಎಂದು ಹೇಳುತ್ತಲೇ ಇದ್ದೆ. ಮುಗಿದ ಮೇಲೆ ಗದ್ದದ ಪಟ್ಟಿ ಒದ್ದೆಯಾಗಿತ್ತು. ಬಲಗಣ್ಣಿಗೂ ಒಂದು ಸಲ ಆಯಿತು. ಎರಡನೆಯದಕ್ಕೆ ಕೊಟ್ಟ ತಾರೀಖಿಗೆ ಅವರು ಬರಲಿಲ್ಲ.

ಹೀಗೆ ನಡುವೆ ಬಿಡುವವರು ಇರುತ್ತಾರೆ. ಫೋನ್ ಮಾಡಿ ಕರೆಯುವುದೂ ನನ್ನ ಕೆಲಸವೇ. ಹೆಂಡತಿ ಎತ್ತಿದರು. "ಅವರಿಗೆ ಮೈ ಚಲೋ ಇಲ್ರಿ," ಎಂದಷ್ಟೇ ಹೇಳಿದರು. ಮರುವಾರ ಮತ್ತೆ ಮಾಡಿದೆ. ಅದೇ ಮಾತು. ಮೂರನೆಯ ವಾರ ಡ್ರೈವರ್ ಒಬ್ಬರೇ ಬಂದರು. ಗಾಡಿ ತಂದಿರಲಿಲ್ಲ, ಬಸ್ಸಿಗೆ ಬಂದಿದ್ದರು. ಎಲ್ಲ ರೋಗಿಗಳು ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದು, ಕೋಣೆ ಖಾಲಿಯಾದ ಮೇಲೆ ಒಳಗೆ ಬಂದರು.

"ಸಿಸ್ಟರ್, ನನಗ ಇನ್ನ ಲೇಸರ್ ಬ್ಯಾಡ. ಆದ್ರ ಒಂದು ಮಾತು ಕೇಳಬೇಕಿತ್ತು."

ಕೂರಲು ಹೇಳಿದೆ. ಅವರು ಕೂತು ಹೇಳಿದ್ದು ಇಷ್ಟು.

"ಮಸರಕಲ್ ಹತ್ತಿರ ಹೊಂಟಿದ್ದೆ. ಹೊತ್ತು ಮುಳುಗಾಕ ಬಂದಿತ್ತು. ಗಾಡಿಯಾಗ ಹತ್ತು ಮಂದಿ ಇದ್ರು. ಜೋರೂ ಇದ್ದಿಲ್ಲ ನಾನು. ಅಲ್ಲಾನ ಆಣಿ ಮಾಡಿ ಹೇಳ್ತೀನ್ರಿ, ನನಗ ಕಂಡದ್ದು ಖಾಲಿ ರಸ್ತಿ. ಎಡಕ್ಕ ದಪ್ ಅಂತ ಸಪ್ಪಳಾತು. ಇಳಿದು ನೋಡಿದ್ರ ಕುರಿ. ಒಂದೆರಡಲ್ಲ, ಹಿಂಡಿಗೆ ಹಿಂಡು ರಸ್ತಿ ದಾಟಾಕತ್ತಿತ್ತು. ಮೂರು ಸತ್ತು ಬಿದ್ದಿದ್ವು. ಕುರಿ ಕಾಯೋ ಹೆಣ್ಮಗಳು ರಸ್ತಿ ಬಾಜೂಕ ಬಿದ್ದಿದ್ಲು. ವಯಸ್ಸಾದಾಕಿ. ಬಲಗೈ ಮೊಣಕೈ ಕೆಳಗ..." ಎಂದು ತಮ್ಮ ಕೈ ಮುಟ್ಟಿ ತೋರಿಸಿ ನಿಲ್ಲಿಸಿದರು.

"ಜೀವಕ್ಕೇನು?"

"ಜೀವ ಅದ. ನಾನ ಗಾಡಿಯಾಗ ಹಾಕ್ಕೊಂಡು ದವಾಖಾನಿಗೆ ತಂದೆ. ಎಲುಬು ಎರಡು ಕಡಿ ಮುರದದ ಅಂದ್ರು. ಕುರಿದು ಊರ ಹಿರೇರು ಕುಂತು ಬಗಿಹರಿಸಿದ್ರು. ಕೇಸ್ ಆಗಲಿಲ್ಲ. ಗಾಡಿಯಾಗಿನ ಮಂದಿ ಎಲ್ಲಾರೂ ಡ್ರೈವರದು ತಪ್ಪಿಲ್ಲ, ಕುರಿ ಒಮ್ಮಿಗೇ ಮ್ಯಾಲ ಬಂದ್ವು ಅಂದ್ರು. ಆಕಿಗೇ ಬೈದ್ರು, ಕುರಿ ರಸ್ತಿಗೆ ಬಿಟ್ಟೀ ಅಂತ. ನಾನು ಸುಮ್ಮನಿದ್ದೆ."

ಮತ್ತೆ ಅಂದರು, "ಅವು ಒಮ್ಮಿಗೇ ಬರಲಿಲ್ಲ ಸಿಸ್ಟರ್. ಇಡೀ ಹಿಂಡು ಒಮ್ಮಿಗೇ ಎಲ್ಲಿಂದ ಬರ್ತದ. ಅವು ಮೊದಲ ಅಲ್ಲಿದ್ವು. ನನಗ ಕಾಣಲಿಲ್ಲ."

ನಾನು ಎದ್ದು ಅವರ ಎದುರಿಗೆ ಕುರ್ಚಿ ಎಳೆದುಕೊಂಡೆ. ಬಲಗಣ್ಣು ಮುಚ್ಚಿಕೊಂಡು ನನ್ನ ಮೂಗನ್ನೇ ನೋಡಲು ಹೇಳಿದೆ. ಮಷಿನ್ ಇಲ್ಲದೆ ಪಕ್ಕದ ನೋಟವನ್ನು ಅಂದಾಜು ಮಾಡುವ ರೀತಿ ಇದು. ನನ್ನ ಕೈಯನ್ನು ಅವರ ಎಡಗಡೆ ದೂರದಲ್ಲಿ ಹಿಡಿದು ಬೆರಳು ಆಡಿಸಿದೆ.

"ಕೈ ಕಾಣ್ತದೇನ್ರಿ?"

"ಯಾವ ಕೈ?"

ಇನ್ನೂ ಒಳಗೆ ತಂದೆ. ಇಲ್ಲ. ಇನ್ನೂ ಸ್ವಲ್ಪ. ಇಲ್ಲ. ಕೈ ಅವರ ಕಿವಿಯ ಗೆರೆ ದಾಟಿ ಕೆನ್ನೆಯ ಮುಂದೆ ಬಂದ ಮೇಲೆ "ಈಗ ಕಂಡಿತು" ಎಂದರು. ಕಿಟಕಿಯ ಪರದೆ ಎಳೆದು ಕೋಣೆ ಮಬ್ಬು ಮಾಡಿ ಮತ್ತೆ ನೋಡಿದೆ. ಕೈ ಇನ್ನೂ ಎಷ್ಟೋ ಒಳಗೆ ಬರಬೇಕಾಯಿತು.

ಅವರು ಕಣ್ಣಿನಿಂದ ಕೈ ತೆಗೆದು ಕೇಳಿದರು, "ಲೇಸರ್ ಮಾಡಿಸಿದ್ರ ಹಿಂಗ ಆಗ್ತದ ಅಂತ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಹಾಳೆಯಲ್ಲಿ ಬರೆದಿತ್ತು, ನೀವೇ ಸಹಿ ಹಾಕಿದ್ದೀರಿ ಎನ್ನಬಹುದಿತ್ತು. ಎರಡನೆಯದು ಸುಳ್ಳೂ ಆಗುತ್ತಿರಲಿಲ್ಲ.

"ಗೊತ್ತಿತ್ರಿ," ಎಂದೆ. "ಹೇಳಿದ್ರ ನೀವು ಎದ್ದು ಹೋಗ್ತೀರಿ ಅಂತ ಹೇಳಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನೆಲ ನೋಡುತ್ತ ಕೂತು, "ಹೇಳಿದ್ರ ಹೋಗ್ತಿದ್ದೆನೋ ಇಲ್ಲೋ ನನಗೂ ಗೊತ್ತಿಲ್ಲ. ಆದ್ರ ಸಂಜಿ ಟ್ರಿಪ್ ಬಿಡ್ತಿದ್ದೆ," ಎಂದರು.

ಅವರನ್ನು ಅಲ್ಲಿಯೇ ಕೂರಿಸಿ ಡಾಕ್ಟರ ಕೋಣೆಗೆ ಹೋದೆ. ಬಾಗಿಲ ಹತ್ತಿರ ಒಂದು ಕ್ಷಣ ನಿಂತೆ. ಡ್ರೈವರ್ ಆಗಲೇ ಬಸ್ಸು ಹತ್ತಿ ಹೋಗಿದ್ದರೆ ಈ ವಿಷಯ ಅವರ ಮತ್ತು ನನ್ನ ನಡುವೆಯೇ ಮುಗಿಯುತ್ತಿತ್ತು. ಅವರು ಯಾರಿಗೂ ಹೇಳುವವರಲ್ಲ. ಆದರೆ ನನ್ನ ಮುಂದೆ ಹೆಬ್ಬೆಟ್ಟು ಒತ್ತಿ ಹೋದ ಇನ್ನೂ ಎಷ್ಟು ಮಂದಿ ಆ ಹೊತ್ತಿನಲ್ಲಿ ಯಾವ ರಸ್ತೆಯಲ್ಲಿ ಇದ್ದಾರೋ ಎಂಬ ವಿಚಾರ ಬಂದಿತು. ಒಳಗೆ ಹೋಗಿ ಕುರಿಯ ವಿಷಯ ಮೊದಲು ಹೇಳಲಿಲ್ಲ. ಎರಡು ಸಾಲಿನ ವಿಷಯ ಹೇಳಿದೆ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಎಷ್ಟು ಮಂದಿಗೆ ಹೇಳಿಲ್ಲ?"

"ಯಾರಿಗೂ ಹೇಳಿಲ್ಲ ಸರ್."

"ಎಷ್ಟು ದಿನದಿಂದ?"

"ಮೂರು ವರ್ಷದ ಮೇಲಾಯ್ತು."

ಡಾಕ್ಟರು, "ನಾನೂ ಒಂದು ದಿನ ಕೇಳಲಿಲ್ಲ. ಸಹಿ ಆಗಿದೆಯಾ ಅಂತಷ್ಟೇ ನೋಡಿದೆ," ಎಂದರು. ಎದ್ದು ಡ್ರೈವರ್ ಕೂತಿದ್ದ ಕಡೆ ಹೋದರು.

ಅವತ್ತೇ ಪಕ್ಕದ ನೋಟ ಅಳೆಯುವ ಮಷಿನಿನಲ್ಲಿ ಪರೀಕ್ಷೆ ಆಯಿತು. ಬಟ್ಟಲಿನಂಥ ಬಿಳಿಯ ಗೋಡೆಯೊಳಗೆ ಮುಖ ಇಟ್ಟು ಕೂರಬೇಕು. ಅಲ್ಲಿ ಇಲ್ಲಿ ಸಣ್ಣ ಬೆಳಕು ಹೊಳೆಯುತ್ತದೆ, ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬೆಳಕು ಹೊಳೆಯುತ್ತಿತ್ತು, ಗುಂಡಿಯ ಸಪ್ಪಳ ಬರುತ್ತಿರಲಿಲ್ಲ. ಅವರ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು. ಹಾಳೆ ಹೊರಗೆ ಬಂದಾಗ ಎಡಗಣ್ಣಿನ ಚಿತ್ರದ ಸುತ್ತ ಕಪ್ಪು ಕಟ್ಟಿತ್ತು. ಕಪ್ಪಿನಲ್ಲಿ ಶುಗರಿನ ಪಾಲು ಎಷ್ಟು, ಲೇಸರಿನ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಗಾಡಿ ಓಡಿಸುವುದು ನಿಲ್ಲಿಸಬೇಕು, ಹಗಲಿನಲ್ಲೂ ನಿಲ್ಲಿಸಬೇಕು ಎಂದರು. ಬಲಗಣ್ಣಿಗೆ ಉಳಿದ ಎರಡು ಸಲ ಮಾಡಿಸದಿದ್ದರೆ ಆ ಕಣ್ಣು ಪೂರ್ತಿ ಹೋಗುವ ಸಂಭವ ಹೆಚ್ಚು. ಮಾಡಿಸಿದರೆ ಅದರ ಅಂಚೂ ಸ್ವಲ್ಪ ಹೋಗುತ್ತದೆ. ಎರಡನ್ನೂ ಹೇಳಿ ಮುಗಿಸಿ, "ನೀವೇ ಯೋಚನೆ ಮಾಡಿ ಹೇಳಿ," ಎಂದರು.

"ಗಾಡಿ ಅವತ್ತಿಂದ ಮನಿ ಮುಂದ ನಿಂತದ್ರಿ," ಎಂದರು ಡ್ರೈವರ್. "ಮುಟ್ಟಿಲ್ಲ."

ಮರುದಿನದಿಂದ ನನಗೆ ಬೇರೆ ಕೆಲಸ ಶುರುವಾಯಿತು. ಮೂರು ವರ್ಷದ ಫೈಲುಗಳನ್ನು ಕಪಾಟಿನಿಂದ ಇಳಿಸಿದೆವು. ಈ ಲೇಸರ್ ಮಾಡಿಸಿಕೊಂಡವರ ಹೆಸರು ಬೇರೆ ಬರೆದುಕೊಂಡು, ಒಬ್ಬೊಬ್ಬರಿಗೇ ಫೋನ್ ಮಾಡಿ, ನಾನು ಹೇಳದೆ ಬಿಟ್ಟದ್ದನ್ನು ಹೇಳಬೇಕು. ಗಾಡಿ ಓಡಿಸುವವರನ್ನು ಮೊದಲು ಕರೆಸಬೇಕು. ಡಾಕ್ಟರು ಇದನ್ನು ಬೇರೆಯವರಿಗೆ ಒಪ್ಪಿಸಲು ನೋಡಿದರು. ನಾನೇ ಮಾಡುತ್ತೇನೆ ಎಂದೆ.

ಎಷ್ಟೋ ನಂಬರುಗಳು ಹತ್ತಲಿಲ್ಲ. ಎಷ್ಟೋ ಕಡೆ ಮಕ್ಕಳು ಎತ್ತಿ, ಹೊಲಕ್ಕೆ ಹೋಗಿದ್ದಾರೆ ಎಂದರು. ಯಾಪಲದಿನ್ನಿಯ ಒಬ್ಬರು ಟ್ರ್ಯಾಕ್ಟರ್ ಓಡಿಸುವವರು. ಮಾತು ಪೂರ್ತಿ ಕೇಳಿಸಿಕೊಂಡು, "ಅದಕ್ಕೇನ್ರಿ ನನಗ ಬದು ಕಾಣವಲ್ದು. ನಾ ಕುಡದೀನಿ ಅಂತ ಮನ್ಯಾಗ ದಿನಾ ಜಗಳ ಮಾಡ್ತಾರ," ಎಂದರು. ಪೋತ್ನಾಳದ ಅಂಗಡಿಯವರೊಬ್ಬರು ನನ್ನನ್ನು ಬಾಯಿಗೆ ಬಂದ ಹಾಗೆ ಬೈದು ಫೋನಿಟ್ಟರು. ಅವರಿಗೆ ಇನ್ನೂ ಒಂದು ಸಲದ ಲೇಸರ್ ಬಾಕಿಯಿತ್ತು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬರಲೂ ಇಲ್ಲ. ಅವರ ಕಣ್ಣು ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳದೆ ಬಿಟ್ಟದ್ದರಿಂದ ಒಬ್ಬರು, ಹೇಳಿದ್ದರಿಂದ ಇನ್ನೊಬ್ಬರು. ಎರಡು ಕಡೆಯೂ ನನ್ನ ದನಿಯೇ ಇತ್ತು.

ಹದಿನೈದು ದಿನದ ಮೇಲೆ ಡ್ರೈವರ್ ಹೆಂಡತಿಯ ಜೊತೆ ಬಂದರು. ಬಲಗಣ್ಣಿಗೆ ಮಾಡಿಸುತ್ತೇನೆ ಎಂದರು. ಆ ದಿನ ನಾನು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಎರಡು ಸಾಲಿಗೆ ಬಂದಾಗ ಓದುವುದು ನಿಂತಿತು. ಹೆಂಡತಿ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ಓದ್ರಿ," ಎಂದರು ಡ್ರೈವರ್. "ಕೇಳಾಕತ್ತೀನಿ."

ಅವರು ಕೂತರು, ಗದ್ದ ಇಟ್ಟರು, ಹಣೆ ಒತ್ತಿದರು. ನಾನು ಹಿಂದೆ ನಿಂತು ತಲೆ ಹಿಡಿದೆ. ಹಸಿರು ಬೆಳಕು ಗೋಡೆಯ ಮೇಲೆ ಮಿಣುಕುತ್ತಿತ್ತು. ಈ ಸಲ "ಇನ್ನ ಸ್ವಲ್ಪ" ಎಂದು ನಾನು ಸುಮ್ಮಸುಮ್ಮನೆ ಹೇಳಲಿಲ್ಲ. ಅರ್ಧ ಆಗಿದೆ ಎಂದು ಡಾಕ್ಟರು ಹೇಳಿದಾಗ ಅರ್ಧ ಎಂದೆ. ಅವರು ಒಮ್ಮೆಯೂ ಅಲುಗಲಿಲ್ಲ. ಎರಡು ವಾರ ಬಿಟ್ಟು ಕೊನೆಯದೂ ಮುಗಿಯಿತು.

ಅವತ್ತು ಹೊರಗೆ ಬೆಂಚಿನ ಮೇಲೆ ಕಣ್ಣಿಗೆ ಬೆಳಕು ಬರಲಿ ಎಂದು ಕೂತಿದ್ದಾಗ ಅವರು ನನ್ನನ್ನು ಕರೆದರು. "ಸಿಸ್ಟರ್, ಮಸರಕಲ್ಲಿಗೆ ಹೋಗಬೇಕಂತ ಮಾಡೀನಿ. ಆಕಿಗೆ ಹೇಳಬೇಕು. ನಾ ಒಬ್ಬನ ಹೋಗಿ ನನ್ನ ಕಣ್ಣಿಂದು ಹಿಂಗ ಆಗಿತ್ತು ಅಂದ್ರ ನಂಬತಾರೋ ಇಲ್ಲೋ. ನೀವು ಬರ್ತೀರೇನು?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಅವರ ತೋಳು ಹಿಡಿದು, "ನಕ್ಕೋ ಜೀ", ಬೇಡ ಎಂದರು. ಮುಗಿದ ಮಾತನ್ನು ಮತ್ತೆ ಯಾಕೆ ತೆಗೆಯುವುದು, ಊರವರು ಹೊಡೆದರೆ ಏನು ಗತಿ, ಈಗ ಕೇಸ್ ಹಾಕಿದರೆ ಏನು ಎಂಬ ಹೆದರಿಕೆ ಆಕೆಯದು. ಡ್ರೈವರ್ ಆ ಕೈಯ ಮೇಲೆ ತಮ್ಮ ಕೈ ಇಟ್ಟರು, ಆದರೆ ನನ್ನ ಮುಖ ನೋಡುತ್ತಲೇ ಇದ್ದರು. ಬರುತ್ತೇನೆ ಎಂದೆ.

ಒಂದು ಭಾನುವಾರ ಬೆಳಿಗ್ಗೆ ಹೋದೆವು. ಡ್ರೈವರ್ ದೇವದುರ್ಗದಿಂದ ಬಸ್ಸಿಗೆ ಬಂದು ಮಸರಕಲ್ಲಿನಲ್ಲಿ ಇಳಿದು ನನಗಾಗಿ ಕಾಯುತ್ತಿದ್ದರು. ಮನೆ ಕೇಳಿಕೊಂಡು ಹೋದೆವು. ಕುರುಬರ ಓಣಿಯಲ್ಲಿ ಕಲ್ಲು ಕಟ್ಟಿದ ಸಣ್ಣ ಮನೆ, ಪಕ್ಕದಲ್ಲಿ ಮುಳ್ಳಿನ ಬೇಲಿಯ ಕುರಿ ಹಟ್ಟಿ. ಹಟ್ಟಿ ಖಾಲಿಯಿತ್ತು. ಹಿಕ್ಕೆ ಒಣಗಿ ಬೆಳ್ಳಗಾಗಿತ್ತು.

ಆಕೆ ಬಾಗಿಲ ಹತ್ತಿರ ಕೂತಿದ್ದರು. ಅರವತ್ತರ ಆಚೆಯ ವಯಸ್ಸು. ಬಲಗೈ ಮಡಿಲಿನಲ್ಲಿತ್ತು, ಮೊಣಕೈ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು. ಡ್ರೈವರನ್ನು ಗುರುತು ಹಿಡಿದು, "ಬಾರಪ್ಪಾ, ನನ್ನ ದವಾಖಾನಿಗೆ ಒಯ್ದಾಂವ ಅಲ್ಲೇನು ನೀ," ಎಂದರು. ಒಳಗಿನಿಂದ ಸೊಸೆ ಬಂದಳು, ಅವಳ ಹಿಂದೆ ಮಗ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಡ್ರೈವರ್ ನೆಲದ ಮೇಲೆ ಕೂತರು. ದಾರಿಯಲ್ಲಿ ಹೇಗೆ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆಲ್ಲ ಬಿಟ್ಟುಹೋಯಿತೋ ಏನೋ, ಒಂದೇ ಸಲಕ್ಕೆ ಹೇಳಿಬಿಟ್ಟರು. "ಯವ್ವಾ, ಅವತ್ತು ನಿಂದೇನೂ ತಪ್ಪಿದ್ದಿಲ್ಲ. ನನ್ನ ಕಣ್ಣಿಗೆ ನೀ ಕಾಣಲಿಲ್ಲ, ನಿನ್ನ ಕುರೀನೂ ಕಾಣಲಿಲ್ಲ. ನನಗ ಎಡಕ್ಕ ಇದ್ದದ್ದು ಕಾಣಂಗಿಲ್ಲ. ಅವತ್ತ ಹೇಳಬೇಕಿತ್ತು. ಹೇಳಲಿಲ್ಲ."

ಆಕೆಗೆ ಮೊದಲು ತಿಳಿಯಲಿಲ್ಲ. ನಾನು ಲೇಸರಿನ ವಿಷಯ ಹೇಳಿದೆ. ಹೀಗಾಗಬಹುದು ಎಂದು ಇವರಿಗೆ ಹೇಳಬೇಕಾದವಳು ನಾನು, ನಾನು ಹೇಳಿರಲಿಲ್ಲ ಎಂದೂ ಹೇಳಿದೆ. ಆಕೆ ನನ್ನ ಮುಖವನ್ನು, ಆಮೇಲೆ ಅವರ ಮುಖವನ್ನು ನೋಡಿದರು.

"ಕಾಣಲೇ ಇಲ್ಲೇನು ನಾ ನಿನಗ?"

"ಇಲ್ಲ ಯವ್ವಾ."

"ನಾ ಕೈ ಎತ್ತಿದ್ದೆ," ಎಂದರು ಆಕೆ. "ನಿಲ್ಲು ಅಂತ ಹಿಂಗ ಕೈ ಎತ್ತಿ ನಿಂತಿದ್ದೆ. ನೀ ನೋಡ್ಕೊಂಡ ಬರಾಕತ್ತಿ ಅಂತ ತಿಳ್ಕೊಂಡೆ." ಹೇಳುತ್ತ ಮಡಿಲಿನ ಕೈಯನ್ನು ಎತ್ತಲು ಹೋದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

ಆಕೆ ಮಗನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಕೇಳಿದ್ಯೇನಪಾ. ಮುಪ್ಪಾತು, ಆಕಿಗೆ ಲಕ್ಷ್ಯ ಇಲ್ಲ, ಇನ್ನ ಕುರಿ ಬ್ಯಾಡ ಅಂದ್ರೆಲ್ಲ ನೀವು. ನಾನೂ ಖರೇನ ಅಂದ್ಕೊಂಡೆ. ಕೈ ಎತ್ತಿದ್ದೆನೋ ಇಲ್ಲೋ, ನನಗ ಭ್ರಮಿ ಆಗಿತ್ತೋ ಅಂತ ಎಷ್ಟು ದಿನ ಕುಂತು ಯೋಚನಿ ಮಾಡೀನಿ."

ಹಿಂಡನ್ನು ಅಪಘಾತವಾದ ತಿಂಗಳಲ್ಲೇ ಬೇರೆ ಊರಿನವರಿಗೆ ಕೊಟ್ಟುಬಿಟ್ಟಿದ್ದರು ಎಂದು ಸೊಸೆ ನನಗೆ ಮೆಲ್ಲಗೆ ಹೇಳಿದಳು. ಕುರಿ ಒಯ್ಯಲು ಬಂದ ದಿನ ಅತ್ತೆ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಿದ್ದರಂತೆ. ಕೈಗೆ ಆಗ ಇನ್ನೂ ಪ್ಲಾಸ್ಟರ್ ಇತ್ತಂತೆ. ಆಗ ಯಾರೂ ಆಕೆಯ ಮಾತು ಕೇಳಲಿಲ್ಲ.

ಸೊಸೆ ಚಹಾ ತಂದಳು. ಯಾರೂ ಮುಟ್ಟಲಿಲ್ಲ. ಆಕೆ ಖಾಲಿ ಹಟ್ಟಿಯ ಕಡೆ ನೋಡಿ ಡ್ರೈವರಿಗೆ ಹೇಳಿದರು, "ನನ್ನ ಮುಂದ ಹೇಳಿದಿ, ಸಾಕಾತು ನನಗ. ಆದ್ರ ಅಲ್ಲಿ ಕಟ್ಟಿ ಮ್ಯಾಲ ಮಂದಿ ಕುಂತಾರ ನೋಡು. ಅವರ ಮುಂದೂ ಹೇಳಿ ಹೋಗು."

ಡ್ರೈವರ್ ಎದ್ದರು. ಎಡಗಡೆ ಇದ್ದ ಕಂಬ ಕಾಣದೆ ಭುಜ ತಾಗಿತು. ನಾನು ಆ ಕಡೆ ಹೋಗಿ ನಡೆದೆ. ಓಣಿಯ ತುದಿಯ ಕಟ್ಟೆಯ ಮೇಲೆ ಆರೇಳು ಗಂಡಸರು ಕೂತಿದ್ದರು. ಅವರಲ್ಲಿ ಒಬ್ಬರು ಆ ದಿನ ಗಾಡಿಯಲ್ಲಿ ಇದ್ದವರು, ಎಲ್ಲರಿಗಿಂತ ಮೊದಲು ಆಕೆಗೆ ಬೈದವರು ಅವರೇ ಎಂದು ಡ್ರೈವರ್ ನನಗೆ ಹೇಳಿದರು. ಅವರೆಲ್ಲರ ಎದುರಿಗೆ ನಿಂತು ಅದೇ ಮಾತನ್ನು ಇನ್ನೊಂದು ಸಲ ಹೇಳಿದರು, ಒಂದನ್ನೂ ಬಿಡದೆ. ಆಮೇಲೆ ನಾನು ನನ್ನದನ್ನು ಹೇಳಿದೆ. ಒಬ್ಬರು ಬೀಡಿ ಆರಿಸಿದರು. ಯಾರೂ ಎದ್ದು ಬರಲಿಲ್ಲ, ಯಾರೂ ಕೈ ಮಾಡಲಿಲ್ಲ. ಹಿಂದಕ್ಕೆ ತಿರುಗಿ ನೋಡಿದೆ. ಆಕೆ ಎದ್ದು ಬಂದು ಮನೆಯ ಮುಂದೆ ನಿಂತಿದ್ದರು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು. ಅಲ್ಲಿಯವರೆಗೆ ಮಾತು ಕೇಳಿಸಿರಬೇಕು.

ಗಾಡಿಯಲ್ಲಿ ಇದ್ದವರು ಕಟ್ಟೆಯಿಂದ ಕೆಳಗಿಳಿದು ಎರಡು ಹೆಜ್ಜೆ ಮುಂದೆ ಬಂದು, "ಯವ್ವಾ," ಎಂದು ಕರೆದರು. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅವರು ಇನ್ನೊಂದು ಸಲ ಕರೆದರು. ಆಕೆ ತಿರುಗಿ ನೋಡಲಿಲ್ಲ.